ಜಿರಳೆಯ ಕಾಲಿನ ಸದ್ದು, ಜಿರಳೆಯ ಓಟ: ನರಜಾಲ ತೋರಿಸಲು ನಾನು ಮಾಡುವ ಕ್ರಮ

ಬದಿಯಡ್ಕ, ಮುಳ್ಳೇರಿಯದ ಕಡೆ ಜಿರಳೆಗೆ ಬರವಿಲ್ಲ. ಅಡಿಕೆ ಗೋಣಿಯ ಕೋಣೆ, ಬಚ್ಚಲಿನ ಸೌದೆ ರಾಶಿ, ಹಳೇ ಪೇಪರ್ ಕಟ್ಟು, ಇಂಥ ಕಡೆ ಅಗಲ ಬಾಯಿಯ ಬಾಟಲಿ ಇಟ್ಟು, ಒಳಗೆ ಹಲಸಿನ ಒಂದು ತೊಳೆ ಹಾಕಿ, ಬಾಯಿಯ ಒಳಸುತ್ತಿಗೆ ಎರಡು ಬೆರಳಗಲ ವ್ಯಾಸಲೀನ್ ಬಳಿದರೆ ಬೆಳಗಾಗುವಾಗ ನಾಲ್ಕೈದು ಬಿದ್ದಿರುತ್ತವೆ. ಬೇಕಾದದ್ದು ಕೆಂಗಂದು ಬಣ್ಣದ ದೊಡ್ಡ ಜಾತಿ, ಪೆರಿಪ್ಲಾನೆಟಾ ಅಮೆರಿಕಾನಾ. ಅಡುಗೆಮನೆಯ ಸಣ್ಣ ಜಾತಿಯದ್ದಾದರೆ ಪಿನ್ ಚುಚ್ಚುವಾಗಲೇ ಕಾಲು ಸೀಳಿಹೋಗುತ್ತದೆ. ಜಿರಳೆ ಔಷಧ ಹೊಡೆದ ಮನೆಯದ್ದು ಖಂಡಿತ ಬೇಡ. ಪೈರೆಥ್ರಾಯ್ಡ್ ಎಂಬ ಕೀಟನಾಶಕ ನರದ ಸೋಡಿಯಂ ಬಾಗಿಲನ್ನು ಮುಚ್ಚಗೊಡುವುದಿಲ್ಲ. ಹಾಗಾಗಿ ಯಾರೂ ಮುಟ್ಟದಿದ್ದರೂ ಆ ಕಾಲು ಪಟಪಟ ಅನ್ನುತ್ತಲೇ ಇರುತ್ತದೆ, ಅದನ್ನು ಕೇಳಿ ಮಕ್ಕಳು ಪ್ರಯೋಗ ಗೆದ್ದಿತು ಅಂದುಕೊಳ್ಳುತ್ತಾರೆ.

ಈ ಪ್ರಯೋಗಕ್ಕೆ ಎರಡು ಭಾಗ. ಕತ್ತರಿಸಿದ ಕಾಲಿನಿಂದ ನರದ ಸದ್ದು ಕೇಳುವುದು ಒಂದು, ಇಡೀ ಜಿರಳೆಯ ಓಟವನ್ನು ಫೋನಿನಲ್ಲಿ ಅಳೆಯುವುದು ಇನ್ನೊಂದು. ಸದ್ದು ಕೇಳಿಸಿ ಅಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಆದರೆ ಕತ್ತರಿಸಿದ ಕಾಲಿನಲ್ಲಿ ಸುದ್ದಿ ಇದೆಯೇ ಹೊರತು ಸುದ್ದಿ ಕೇಳಿ ತೀರ್ಮಾನ ಮಾಡುವ ಜಾಲ ಇಲ್ಲ. ಸ್ಪರ್ಶ ತಿಳಿಯುವ ನರಕೋಶಗಳ ಮೈ ಕಾಲಿನಲ್ಲೇ ಇರುತ್ತದೆ. ಸ್ನಾಯುವನ್ನು ಎಳೆಸುವ ನರಕೋಶಗಳ ಮೈ ಎದೆಯ ನರಗಂಟಿನಲ್ಲಿ, ಅಂದರೆ ನರಕೋಶಗಳು ಒತ್ತಾಗಿ ಸೇರಿದ ಗಂಟಿನಲ್ಲಿ, ಉಳಿದಿರುತ್ತದೆ. ಜಾಲ ಕಾಣಬೇಕಾದರೆ ಒಂದು ದಾರಿ ಮುಚ್ಚಿ, ನಡವಳಿಕೆ ಹೇಗೆ ಬದಲಾಯಿತು ಅಂತ ನೋಡಬೇಕು.

ಮೊದಲು ಆಂಪ್ಲಿಫೈಯರ್. ಹೊರಗಿನಿಂದ ಪಿನ್ ಚುಚ್ಚಿದಾಗ ಸಿಗುವ ಸ್ಪೈಕ್, ಅಂದರೆ ನರದ ಒಂದು ವಿದ್ಯುತ್ ಮಿಡಿತ, ಸುಮಾರು 100 ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟಿನ ಹತ್ತು ಸಾವಿರದಲ್ಲೊಂದು ಪಾಲು. ಇದನ್ನು ಒಂದೇ ಏಟಿಗೆ ಸಾವಿರ ಪಟ್ಟು ಮಾಡಲು ಹೊರಟರೆ ಕೆಡುತ್ತದೆ. ಪಿನ್ನುಗಳ ನಡುವೆ ಲೋಹ ಮತ್ತು ಉಪ್ಪುನೀರಿನಿಂದಾಗಿ ಹತ್ತಾರು ಮಿಲಿವೋಲ್ಟಿನ ಸ್ಥಿರ ವ್ಯತ್ಯಾಸ ಇರುತ್ತದೆ, ಅದೂ ಸಾವಿರ ಪಟ್ಟಾಗಿ ಐಸಿ ಒಂದು ತುದಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಅದಕ್ಕೆ ಮೊದಲ ಹಂತದಲ್ಲಿ ಐಎನ್ಎ128 ಎಂಬ ಆಂಪ್ಲಿಫೈಯರ್ ಐಸಿ, ಅದರ 1 ಮತ್ತು 8ನೇ ಕಾಲುಗಳ ನಡುವೆ 1 ಕಿಲೋ ಓಮ್. ಗೇನ್, ಅಂದರೆ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು, 51 ಬರುತ್ತದೆ. ಎಡಿ620 ಸಿಕ್ಕರೂ ಅದೇ ಜಾಗದಲ್ಲಿ ಕೂರುತ್ತದೆ, ಗೇನ್ 50.4. ಎರಡೂ ಇನ್‌ಪುಟ್‌ಗಳಿಂದ ಗ್ರೌಂಡಿಗೆ ಒಂದೊಂದು 1 ಮೆಗಾ ಓಮ್ ಇರಲಿ.

ಮೊದಲ ಹಂತದಿಂದ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿ, ಗ್ರೌಂಡಿಗೆ 4.7 ಕಿಲೋ ಓಮ್. ಇದು 340 ಹರ್ಟ್ಸ್‌ಗಿಂತ ಕೆಳಗಿನದನ್ನು ಕುಗ್ಗಿಸುತ್ತದೆ, ಆ ಸ್ಥಿರ ವೋಲ್ಟೇಜ್ ಇಲ್ಲಿಗೇ ನಿಲ್ಲುತ್ತದೆ. ಎರಡನೇ ಹಂತ ಟಿಎಲ್072 ಐಸಿ: ಫೀಡ್‌ಬ್ಯಾಕಿಗೆ 47 ಕಿಲೋ ಓಮ್, ಅದರ ಬದಿಗೆ 2.2 ನ್ಯಾನೋಫ್ಯಾರಡ್, ಗ್ರೌಂಡಿಗೆ 1 ಕಿಲೋ ಓಮ್. ಗೇನ್ 48, ಸುಮಾರು 1,500 ಹರ್ಟ್ಸ್‌ನಿಂದ ಮೇಲಿನ ಸರ್ರನೆಯ ಸದ್ದು ಇಳಿಯುತ್ತದೆ. ಒಟ್ಟು 2,400 ಪಟ್ಟು. 100 ಮೈಕ್ರೋವೋಲ್ಟಿನ ಸ್ಪೈಕ್ ಕಾಲು ವೋಲ್ಟ್ ಹತ್ತಿರ ಆಯಿತು. ಅಲ್ಲಿಂದ 1 ಮೈಕ್ರೋಫ್ಯಾರಡ್, 10 ಕಿಲೋ ಓಮಿನ ವಾಲ್ಯೂಮ್, ಸ್ಪೀಕರ್ ನಡೆಸುವ ಐಸಿ ಎಲ್‌ಎಂ386, 220 ಮೈಕ್ರೋಫ್ಯಾರಡ್, 8 ಓಮ್ ಸ್ಪೀಕರ್.

ಮೊದಲ ಎರಡು ಐಸಿಗಳಿಗೆ 9 ವೋಲ್ಟಿನ ಎರಡು ಬ್ಯಾಟರಿ, ಎಲ್‌ಎಂ386ಕ್ಕೆ ಬೇರೆಯೇ ಮೂರನೆಯದು. ಒಂದೇ ಬ್ಯಾಟರಿಯಲ್ಲಿ ಮುಗಿಸಿದರೆ ಸ್ಪೀಕರ್ ಎಳೆಯುವ ಕರೆಂಟಿಗೆ ಬ್ಯಾಟರಿಯ ವೋಲ್ಟೇಜ್ ಕುಣಿದು, ಅದು ಮೊದಲ ಹಂತಕ್ಕೆ ಮರಳಿ, ಮೀನು ದೋಣಿಯ ಇಂಜಿನ್ನಿನಂತೆ ಪುಟುಪುಟು ಶುರುವಾಗುತ್ತದೆ. ಅಡಾಪ್ಟರ್ ಬೇಡವೇ ಬೇಡ. ಮಳೆಗಾಲದಲ್ಲಿ ಬ್ರೆಡ್‌ಬೋರ್ಡಿನ ಕಿಂಡಿಗಳು ಕಿಲುಬು ಹಿಡಿದು ಕರಕರ ಅನ್ನುತ್ತವೆ. ಜೂನ್ ಒಳಗೆ ಸೋಲ್ಡರ್ ಮಾಡಿ ಮುಗಿಸಿದರೆ ನೆಮ್ಮದಿ.

ಗುಂಯ್ ಅನ್ನುವ 50 ಹರ್ಟ್ಸ್ ಸದ್ದೇ ದೊಡ್ಡ ಪೀಡೆ. ಫಿಲ್ಟರ್ ಇದ್ದರೂ ಅದರ ಮರಿಗಳು, 350, 450 ಹರ್ಟ್ಸ್‌ನವು, ನುಸುಳುತ್ತವೆ. ಇಡೀ ಸರ್ಕ್ಯೂಟನ್ನು ಸ್ಟೀಲ್ ಬುತ್ತಿ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಗ್ರೌಂಡಿಗೆ ಜೋಡಿಸಿ. ಪಿನ್ನಿನ ತಂತಿ ಒಂದು ಗೇಣಿಗಿಂತ ಉದ್ದ ಬೇಡ, ತಂತಿಗಳನ್ನು ಒಂದಕ್ಕೊಂದು ಹುರಿ ಮಾಡಿ. ಟ್ಯೂಬ್‌ಲೈಟ್, ಫ್ಯಾನ್ ಆರಿಸಿ. ಕರೆಂಟ್ ಹೋದ ಹೊತ್ತಿನಷ್ಟು ಚೆಂದದ ರೆಕಾರ್ಡಿಂಗ್ ಬೇರೆ ಯಾವಾಗಲೂ ಸಿಗದು, ಪಕ್ಕದ ಕೋಣೆಯಲ್ಲಿ ಇನ್ವರ್ಟರ್ ಇಲ್ಲದಿದ್ದರೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ.

ಇನ್ನು ಕಾಲು. ಮಂಜುಗಡ್ಡೆ ಹಾಕಿದ ನೀರಿನಲ್ಲಿ ಜಿರಳೆಯನ್ನು ಮೂರು-ನಾಲ್ಕು ನಿಮಿಷ ಮುಳುಗಿಸಿದರೆ ಅಲುಗಾಟ ಪೂರ್ತಿ ನಿಲ್ಲುತ್ತದೆ. ಹಿಂಗಾಲನ್ನು ಮೈಗೆ ಅಂಟಿದ ದಪ್ಪ ಭಾಗ, ಅಂದರೆ ಕಾಕ್ಸಾದ ಬುಡದಲ್ಲಿ ಚೂಪು ಕತ್ತರಿಯಿಂದ ಒಂದೇ ಸಲ ಕತ್ತರಿಸಿ. ಕತ್ತರಿಸಿದ ಬಾಯಿಗೆ ವ್ಯಾಸಲೀನ್ ಹಚ್ಚಿದರೆ ಒಣಗದೆ ಗಂಟೆಯ ಮೇಲೂ ಕೆಲಸಕ್ಕೆ ಬರುತ್ತದೆ. ಉಳಿದ ಜಿರಳೆ ಬೆಚ್ಚಗಾದ ಮೇಲೆ ಐದು ಕಾಲಿನಲ್ಲೇ ಓಡುತ್ತದೆ. ಕಾಲು ಮತ್ತೆ ಬರುತ್ತದೆ ಅಂತ ಮಕ್ಕಳಿಗೆ ಸಮಾಧಾನ ಹೇಳುವ ರೂಢಿ ಇದೆ. ಪೊರೆ ಬಿಡುವ ಮರಿಗೆ ಅದು ನಿಜ, ರೆಕ್ಕೆ ಬಂದದ್ದು ಮತ್ತೆ ಪೊರೆ ಬಿಡುವುದಿಲ್ಲ, ಅದಕ್ಕೆ ಬಾರದು. ಸುಳ್ಳು ಸಮಾಧಾನ ಯಾಕೆ?

ಹಳೇ ಹವಾಯಿ ಚಪ್ಪಲಿಯ ಅಟ್ಟೆಯ ತುಂಡಿನ ಮೇಲೆ ಕಾಲನ್ನು ಮಲಗಿಸಿ ಮೂರು ಗುಂಡುಸೂಜಿ. ಕತ್ತರಿಸಿದ ಬಾಯಿಯ ಹತ್ತಿರ ಗ್ರೌಂಡ್, ಕಾಕ್ಸಾದ ಕೆಳತುದಿಯಲ್ಲಿ ಒಂದು ಇನ್‌ಪುಟ್, ತೊಡೆಭಾಗವಾದ ಫೀಮರಿನ ಮೇಲ್ತುದಿಯಲ್ಲಿ ಇನ್ನೊಂದು. ಮೂರೂ ಒಂದೇ ಪೊಟ್ಟಣದ ಸೂಜಿಗಳಾಗಿರಲಿ, ಲೋಹ ಬೇರೆಯಾದರೆ ಸ್ಥಿರ ವ್ಯತ್ಯಾಸ ಹೆಚ್ಚುತ್ತದೆ. ಫೀಮರಿನ ಸರಿ ನಡುವೆ ಚುಚ್ಚಿದರೆ ನರವೇ ತುಂಡಾಗುವ ಸಂಭವವಿದೆ, ತುಂಡಾದ ಜಾಗದಿಂದ ಮೇಲಕ್ಕೆ ಸುದ್ದಿ ಬಾರದು. ಚುಚ್ಚಿದ ತಕ್ಷಣ ಏನೂ ಕೇಳಿಸದಿದ್ದರೆ ಗಾಬರಿ ಬೇಡ, ಕಾಲು ಇನ್ನೂ ತಣ್ಣಗಿದೆ. ಐದು ನಿಮಿಷ ಕಾಯಿರಿ.

ಫೀಮರಿನ ಕೆಳಗಿನ ಟಿಬಿಯಾದಲ್ಲಿ ದಪ್ಪ ಮುಳ್ಳುಗಳಿವೆ. ಪ್ಲಾಸ್ಟಿಕ್ ಹಲ್ಲುಕಡ್ಡಿಯಿಂದ ಒಂದು ಮುಳ್ಳನ್ನು ಮೆಲ್ಲನೆ ಬಾಗಿಸಿದರೆ ಒಣಸೊಪ್ಪಿನ ಮೇಲೆ ಮೊದಲ ಮಳೆಹನಿ ಬಿದ್ದಂತೆ ಟಪ್, ಟಪಟಪ, ಚರ್ರ್ ಅನ್ನುತ್ತದೆ. ಹಾಗೇ ಬಾಗಿಸಿ ಹಿಡಿದರೆ ಸದ್ದು ತಾನಾಗಿ ವಿರಳವಾಗುತ್ತದೆ. ಜೋರಾಗಿ ಒತ್ತಿದಾಗ ಒಂದೊಂದು ಸ್ಪೈಕ್ ದೊಡ್ಡದಾಗುವುದಿಲ್ಲ, ಒತ್ತೊತ್ತಾಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಎಡ್ಗರ್ ಏಡ್ರಿಯನ್ 1926ರಲ್ಲಿ ಕಪ್ಪೆಯ ಸ್ನಾಯುವಿನ ನರದಲ್ಲಿ ತೋರಿಸಿದ್ದು ಇದನ್ನೇ. 1932ರ ನೊಬೆಲ್ ಅವರಿಗೂ ಶೆರಿಂಗ್ಟನ್ನರಿಗೂ ಹಂಚಿಕೆಯಾಯಿತು.

ಕೇಳಿಸಿದ್ದೆಲ್ಲ ನರದ ಸದ್ದಲ್ಲ. ಕಡ್ಡಿಯಿಂದ ಅಟ್ಟೆಯನ್ನು ತಟ್ಟಿ ನೋಡಿ. ಅದಕ್ಕೂ ಅದೇ ಸದ್ದು ಬಂದರೆ ಅಲುಗಿದ್ದು ತಂತಿ. ಬಿಸಿನೀರಿನಲ್ಲಿ ಅದ್ದಿ ತೆಗೆದ ಇನ್ನೊಂದು ಕಾಲನ್ನೂ ಚುಚ್ಚಿಟ್ಟು ಹೋಲಿಸಿ, ಅದು ಸುಮ್ಮನಿರಬೇಕು. ಫೋನಿಗೆ ರೆಕಾರ್ಡ್ ಮಾಡಬೇಕಿದ್ದರೆ ಎಲ್‌ಎಂ386ಕ್ಕಿಂತ ಮುಂಚೆಯೇ ತಂತಿ ಎಳೆದು, 10 ಕಿಲೋ ಓಮ್ ಮತ್ತು 100 ಓಮ್ ಜೋಡಿಯಿಂದ ನೂರು ಪಟ್ಟು ಇಳಿಸಿ ಮೈಕ್ ಇನ್‌ಪುಟ್ಟಿಗೆ ಕೊಡಿ. ಚಾರ್ಜರ್ ಕಳಚಿರಲಿ.

ಎರಡನೇ ಭಾಗಕ್ಕೆ ಬೇರೆ ಜಿರಳೆ, ಆರೂ ಕಾಲಿನದ್ದು. ಅದರ ಹಿಂತುದಿಯಲ್ಲಿ ಎರಡು ಚಿಕ್ಕ ಕೊಂಬುಗಳಿವೆ, ಹೆಸರು ಸರ್ಸೈ. ಒಂದೊಂದರ ಅಡಿಮೈಯಲ್ಲಿ ಸುಮಾರು 220 ನವಿರು ರೋಮಗಳು. ಒಂದೊಂದು ರೋಮದ ಬುಡದಲ್ಲಿ ಒಂದು ನರಕೋಶ. ರೋಮ ಒಂದು ಓರೆಯಲ್ಲಿ ಮಾತ್ರ ಸುಲಭವಾಗಿ ಬಾಗುತ್ತದೆ, ಸಾಲಿನಿಂದ ಸಾಲಿಗೆ ಆ ಓರೆ ಬೇರೆ. ಹಾಗಾಗಿ ಗಾಳಿ ಎತ್ತಲಿಂದ ಬಂತು ಅನ್ನುವುದು ಯಾವ ಸಾಲು ಹೆಚ್ಚು ಸ್ಪೈಕ್ ಕೊಟ್ಟಿತು ಅನ್ನುವುದರಲ್ಲೇ ಅಡಗಿದೆ. ಈ ನರತಂತುಗಳು ಹೊಟ್ಟೆಯ ಕೊನೆಯ ನರಗಂಟಿಗೆ ಹೋಗಿ ಏಳು ಜೊತೆ ದೈತ್ಯ ನರಕೋಶಗಳಿಗೆ ಸುದ್ದಿ ಒಪ್ಪಿಸುತ್ತವೆ. ದೈತ್ಯಗಳು ಎದೆಯ ನರಗಂಟುಗಳಿಗೆ, ಅಲ್ಲಿಂದ ಕಾಲಿನ ಸ್ನಾಯುಗಳಿಗೆ. ತಲೆಯ ಅಪ್ಪಣೆಗೆ ಕಾಯಬೇಕಿಲ್ಲ.

ನಲವತ್ತು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಟಬ್, ಗೋಡೆಗೆ ವ್ಯಾಸಲೀನ್, ತಳಕ್ಕೆ ಗ್ರಾಫ್ ಕಾಗದ. ಮೇಲೆ ಸ್ಟ್ಯಾಂಡಿನಲ್ಲಿ ಫೋನ್, ಸ್ಲೋಮೋಷನ್ ಸೆಕೆಂಡಿಗೆ 240 ಫ್ರೇಮ್. ಒಂದು ಫ್ರೇಮಿಗೆ 4.2 ಮಿಲಿಸೆಕೆಂಡ್. ಕರೆಂಟಿನ ಎಲ್‌ಇಡಿ ಬಲ್ಬಿನಡಿ ತೆಗೆದರೆ ವೀಡಿಯೊ ಮಿಣುಕುತ್ತದೆ, ಬ್ಯಾಟರಿ ಟಾರ್ಚಿನ ಬೆಳಕು ಒಳ್ಳೆಯದು. ಬಾಯಿಯಿಂದ ಊದಬೇಡಿ, ಪ್ರತಿ ಸಲ ಒಂದೇ ರಭಸ ಬಾರದು. ಕ್ಯಾಮೆರಾದ ಧೂಳು ಊದುವ ರಬ್ಬರ್ ಬುರುಡೆಗೆ ಸ್ಟ್ರಾ ಸಿಕ್ಕಿಸಿ ಒತ್ತಿ.

ಸೊನ್ನೆ ಸಮಯ ಯಾವುದು ಅನ್ನುವಲ್ಲಿ ಎಲ್ಲರೂ ಎಡವುತ್ತಾರೆ. ಬುರುಡೆ ಒತ್ತಿದ ಕ್ಷಣವನ್ನು ಸೊನ್ನೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಸೆಕೆಂಡಿಗೆ ಎರಡು ಮೀಟರ್ ವೇಗದ ಗಾಳಿ ಹತ್ತು ಸೆಂಟಿಮೀಟರ್ ದಾಟಲು 50 ಮಿಲಿಸೆಕೆಂಡ್ ಬೇಕು, ಅಳೆಯಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೆ ತೆಳು ತಂತಿಗೆ ಟಿಶ್ಯೂ ಕಾಗದದ ಕೂದಲೆಳೆಯಂಥ ಚೂರು ಅಂಟಿಸಿ ಜಿರಳೆಯ ಬಾಲದ ಪಕ್ಕವೇ ಹಿಡಿಯುತ್ತೇವೆ. ಆ ಚೂರು ಅಲುಗಿದ ಫ್ರೇಮ್ ಸೊನ್ನೆ. ಅಲ್ಲಿಂದ ಮೈ ತಿರುಗಲು ಶುರುವಾದ ಫ್ರೇಮಿನವರೆಗೆ ಎಣಿಸಿದರೆ ಹತ್ತರಿಂದ ಹದಿನಾಲ್ಕು ಬರುತ್ತದೆ, ಅಂದರೆ 40ರಿಂದ 60 ಮಿಲಿಸೆಕೆಂಡ್. ಒಂದು ಊದಿಗೂ ಇನ್ನೊಂದಕ್ಕೂ ನಡುವೆ ಮೂರು ನಿಮಿಷ ಬಿಡಿ, ಇಲ್ಲದಿದ್ದರೆ ಅದು ಒಗ್ಗಿಹೋಗಿ ಅಲುಗುವುದೇ ಇಲ್ಲ. ಏಪ್ರಿಲ್ ಸೆಕೆಯ ಅಂಕಿಯನ್ನು ಜುಲೈ ಅಂಕಿಯ ಜೊತೆ ಬೆರೆಸಬೇಡಿ, ಬೆಚ್ಚಗಿದ್ದಷ್ಟು ನರ ಚುರುಕು.

ಈಗ ದಾರಿ ಮುಚ್ಚುವ ಕೆಲಸ. ಎಡ ಹಿಂದಿನಿಂದ ಹತ್ತು ಊದು, ಬಲ ಹಿಂದಿನಿಂದ ಹತ್ತು. ಯಾವ ಕಡೆ ತಿರುಗಿತು ಎಂದು ಬರೆದಿಡಿ. ಸಾಮಾನ್ಯವಾಗಿ ಗಾಳಿಗೆ ಬೆನ್ನು ಕೊಟ್ಟು, ಆಚೆ ಬದಿಗೆ ಓಡುತ್ತದೆ. ಮತ್ತೆ ತಣ್ಣಗೆ ಮಾಡಿ ಎಡ ಸರ್ಸೈಗೆ ಸೂಜಿಮೊನೆಯಿಂದ ವ್ಯಾಸಲೀನ್ ಬಳಿಯಿರಿ. ಇನ್ನೊಂದು ಜಿರಳೆಯನ್ನೂ ಅಷ್ಟೇ ಹೊತ್ತು ತಣ್ಣಗೆ ಮಾಡಿ ಅದರ ಬೆನ್ನಿಗೆ ಅಷ್ಟೇ ವ್ಯಾಸಲೀನ್ ಹಚ್ಚಿ. ಇದನ್ನು ಬಿಟ್ಟರೆ, ಬದಲಾವಣೆ ಚಳಿಯಿಂದಲೋ ಜಿಡ್ಡಿನಿಂದಲೋ ಅನ್ನುವ ವಾದಕ್ಕೆ ಉತ್ತರವಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಇಪ್ಪತ್ತು ಊದು.

ಬೆನ್ನಿಗೆ ಹಚ್ಚಿದ್ದು ಮೊದಲಿನಂತೆಯೇ ಓಡುತ್ತದೆ. ಎಡ ಮುಚ್ಚಿದ್ದು ಎಡದ ಗಾಳಿಗೆ ಆಗಾಗ ಎಡಕ್ಕೇ ತಿರುಗುತ್ತದೆ, ಬೆಕ್ಕಿನ ಬಾಯಿಗೇ ಹೋದ ಹಾಗೆ. ಕಾಲಿನಲ್ಲಿ ದೋಷವಿಲ್ಲ, ಓಟದ ರಭಸದಲ್ಲೂ ಕೊರತೆಯಿಲ್ಲ. ತಪ್ಪಿದ್ದು ಎರಡು ಕಡೆಯ ಸುದ್ದಿಯ ತೂಕ. ಎರಡನ್ನೂ ಮುಚ್ಚಿದರೆ ಗಾಳಿಗೆ ಸುಮ್ಮನೆ ನಿಲ್ಲುತ್ತದೆ, ಮೀಸೆಯನ್ನು ಕಡ್ಡಿಯಿಂದ ಮುಟ್ಟಿದರೆ ದಡಕ್ಕನೆ ಓಡುತ್ತದೆ. ಈ ಕೊನೆಯದನ್ನು ಬಿಡಬಾರದು, ಓಡುವ ಜಾಲ ಸರಿಯಿದೆ ಅನ್ನುವುದಕ್ಕೆ ಸಾಕ್ಷಿ ಅದೇ.

ದೈತ್ಯ ನರತಂತುವಿನ ವೇಗ ಸೆಕೆಂಡಿಗೆ ಆರೇಳು ಮೀಟರ್. ಬಾಲದಿಂದ ಎದೆಗೆ ಎರಡು ಸೆಂಟಿಮೀಟರ್ ಅಂದರೆ 3 ಮಿಲಿಸೆಕೆಂಡ್. ಉಳಿದ ನಲವತ್ತು ಚಿಲ್ಲರೆ ಎಲ್ಲಿ ಹೋಯಿತು ಅಂತ ಮಕ್ಕಳನ್ನೇ ಕೇಳುತ್ತೇನೆ. ರೋಮ ಬಾಗಬೇಕು, ನರಗಂಟುಗಳಲ್ಲಿ ಒಂದರ ನಂತರ ಒಂದು ಸಿನಾಪ್ಸ್, ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಒಪ್ಪಿಸುವ ಸಂದು, ದಾಟಬೇಕು, ಆರು ಕಾಲುಗಳ ಸ್ನಾಯು ಬಿಗಿಯಬೇಕು. ನರತಂತುವಿನಲ್ಲಿ ಹೋಗುವ ಹೊತ್ತಿಗಿಂತ ಗಂಟುಗಳಲ್ಲಿ ಮತ್ತು ಸ್ನಾಯುವಿನಲ್ಲಿ ಕಳೆಯುವ ಹೊತ್ತೇ ಹೆಚ್ಚು.

ನಮ್ಮ ಮೈಯಲ್ಲಿ ಇದೇ ಲೆಕ್ಕಕ್ಕೆ ಮೊಣಕಾಲೂ ಮೂವತ್ತು ಸೆಂಟಿಮೀಟರಿನ ಸ್ಕೇಲೂ ಸಾಕು. ಮೇಜಿನ ಅಂಚಿನಲ್ಲಿ ಕೂತವರ ಮಂಡಿಚಿಪ್ಪಿನ ಕೆಳಗೆ ತಟ್ಟಿದರೆ ಸ್ನಾಯುವಿನ ಎಳೆತ ತಿಳಿಯುವ ನರ ಬೆನ್ನುಹುರಿಗೆ ಹೋಗಿ, ಒಂದೇ ಸಿನಾಪ್ಸ್ ದಾಟಿ ಮರಳುತ್ತದೆ. ಸುಮಾರು 20 ಮಿಲಿಸೆಕೆಂಡಿಗೆ ತೊಡೆಯ ಸ್ನಾಯುವಿನಲ್ಲಿ ವಿದ್ಯುತ್ ಏಳುತ್ತದೆ, ಕಾಲು ಕಣ್ಣಿಗೆ ಕಾಣುವಷ್ಟು ಅಲುಗುವುದು ಇನ್ನೂ ತಡವಾಗಿ. ಕಾಲು ಏಳದಿದ್ದರೆ ಎರಡೂ ಕೈಬೆರಳು ಕೊಕ್ಕೆ ಹಾಕಿ ಎಳೆದುಕೊಳ್ಳಲು ಹೇಳಿ, ಕಾಲಿನ ಒದೆತ ಹೆಚ್ಚು ಎದ್ದು ಕಾಣುತ್ತದೆ. ಬೀಳುವ ಸ್ಕೇಲನ್ನು ಬೆರಳಲ್ಲಿ ಹಿಡಿಯುವಾಗ ಕಣ್ಣಿನಿಂದ ಮೆದುಳು ಸುತ್ತಿ ಬರಬೇಕು. 15 ಸೆಂಟಿಮೀಟರಿಗೆ ಹಿಡಿದರೆ 175 ಮಿಲಿಸೆಕೆಂಡ್, 20ಕ್ಕೆ 202. ಐದಾರು ಸೆಂಟಿಮೀಟರಿಗೇ ಹಿಡಿದವರು ಬಿಡುವ ಮೊದಲೇ ಊಹಿಸಿ ಬೆರಳು ಮುಚ್ಚಿದ್ದಾರೆ, ಆ ಅಂಕಿಯನ್ನು ಲೆಕ್ಕದಿಂದ ತೆಗೆಯಿರಿ.