ಕಾರ್ನ್ ಸ್ನೇಕ್‌ನ ಬಣ್ಣದ ಮಾರ್ಫ್ ಗುರುತಿಸಲು ಮೊದಲು ಕಣ್ಣು ನೋಡಿ

ಸಾಕಿದ ಕಾರ್ನ್ ಸ್ನೇಕ್ ಹಾವು ಯಾವ ಮಾರ್ಫ್ (ಹುಟ್ಟಿನಿಂದ ಬರುವ ಬಣ್ಣ ಅಥವಾ ವಿನ್ಯಾಸದ ಬಗೆ) ಎಂದು ತಿಳಿಯಬೇಕಾದರೆ, ಅದು ಪೊರೆ ಬಿಟ್ಟ ಒಂದೆರಡು ದಿನಗಳೊಳಗೆ ಹಗಲು ಬೆಳಕಿನಲ್ಲಿ ನೋಡಿ. ಪೊರೆ ಬಿಡುವ ಮುಂಚಿನ ದಿನಗಳಲ್ಲಿ ಕಣ್ಣು ಹಾಲುಗಟ್ಟಿದಂತಾಗಿ ಮೈಬಣ್ಣವೂ ಮಾಸಿರುವುದರಿಂದ, ಆಗ ತೆಗೆದ ಫೋಟೋವನ್ನು ದಯವಿಟ್ಟು ನಂಬಬೇಡಿ.

ಪಾಪೆ ಕೆಂಪಾಗಿದ್ದು, ಮೈಮೇಲೆ ಕಪ್ಪಿನ ಸುಳಿವೇ ಇಲ್ಲದೆ, ಕೆಂಪು ಅಥವಾ ಕಿತ್ತಳೆ ಮಚ್ಚೆಗಳಿದ್ದರೆ ಅದು ಅಮೆಲನಿಸ್ಟಿಕ್. ಮಚ್ಚೆಗಳ ಕಪ್ಪು ಅಂಚು ಕಂದಿದ್ದರೂ ಪಾಪೆ ಕಪ್ಪಾಗಿಯೇ ಉಳಿದಿದ್ದರೆ ಹೈಪೋಮೆಲನಿಸ್ಟಿಕ್ ಇರಬಹುದು.

ನಿಜವಾದ ಗೊಂದಲ ಬರುವುದು ಬೂದು ಬಣ್ಣದ ಹಾವುಗಳಲ್ಲಿ. ಅನೆರಿಥ್ರಿಸ್ಟಿಕ್ ಮತ್ತು ಚಾರ್ಕೋಲ್ ಎರಡರಲ್ಲೂ ಕೆಂಪು ಕಾಣಿಸದು. ಆದರೆ ಅನೆರಿಥ್ರಿಸ್ಟಿಕ್ ಬೆಳೆದಂತೆ ಅದರ ಗದ್ದ ಮತ್ತು ಕತ್ತಿನ ಪಕ್ಕದಲ್ಲಿ ಸಾಮಾನ್ಯವಾಗಿ ಹಳದಿ ಮೂಡುತ್ತದೆ, ಚಾರ್ಕೋಲ್‌ನಲ್ಲಿ ಅದು ತೀರಾ ಕಡಿಮೆ. ಇವುಗಳಿಗೆ ಅಮೆಲನಿಸ್ಟಿಕ್ ಗುಣ ಸೇರಿ ಹುಟ್ಟುವ ಬಿಳಿಚಿದ ಹಾವುಗಳಾದ ಸ್ನೋ (ಅನೆರಿಥ್ರಿಸ್ಟಿಕ್‌ನಿಂದ) ಮತ್ತು ಬ್ಲಿಝರ್ಡ್‌ಗೂ (ಚಾರ್ಕೋಲ್‌ನಿಂದ) ಇದೇ ಗುರುತು ಸಲ್ಲುತ್ತದೆ.

ಮರಿಗಳ ವಿಷಯದಲ್ಲಿ ಅವಸರ ಬೇಡ. ಸಾಮಾನ್ಯ ಬಣ್ಣದ ಮರಿಯೂ ಮೊದಲಿಗೆ ಮಂಕು ಕಂದಾಗಿರುವುದರಿಂದ ಅದನ್ನು ಅನೆರಿಥ್ರಿಸ್ಟಿಕ್ ಎಂದು ತಿಳಿಯುವವರಿದ್ದಾರೆ; ಕತ್ತಿನ ಮೇಲೆ ಮಚ್ಚೆಗಳ ನಡುವೆ ಕಿತ್ತಳೆಯ ಛಾಯೆ ಇದೆಯೇ ಎಂದು ಹತ್ತಿರದಿಂದ ಗಮನಿಸಿ, ನಾಲ್ಕಾರು ಪೊರೆ ಕಳೆಯುವವರೆಗೂ ಕಾಯಿರಿ. ಹೊಟ್ಟೆಯ ಮೇಲೆ ಚದುರಂಗದ ಮಣೆಯಂಥ ಚೌಕಗಳಿಲ್ಲದಿದ್ದರೆ ಅದು ಮಾಟ್ಲಿ ಅಥವಾ ಸ್ಟ್ರೈಪ್ ಇರಬಹುದು, ಆದರೆ ಅವು ಬಣ್ಣದವಲ್ಲ, ವಿನ್ಯಾಸದ ಮಾರ್ಫ್‌ಗಳು. ಮೇಲೆ ಹೇಳಿದ ಗುಣಗಳೆಲ್ಲ ತಂದೆತಾಯಿ ಇಬ್ಬರಿಂದಲೂ ಬಂದಾಗಷ್ಟೇ ಹೊರಗೆ ಕಾಣುವುದರಿಂದ, ಒಂದೇ ಕಡೆಯಿಂದ ಬಂದು ಅಡಗಿರುವ ಗುಣವನ್ನು ಯಾವ ಫೋಟೋವೂ ತೋರಿಸದು. ಅದಕ್ಕೆ ಮರಿ ಕೊಟ್ಟವರಿಂದ ತಂದೆತಾಯಿಯ ವಿವರವನ್ನೇ ಕೇಳಿ ಪಡೆಯಬೇಕು.