ಕಟ್ಟೆಯನ್ನು ದಡದಿಂದಲೇ ನೋಡಿ: ಕಾವೇರಿ ತೀರದ ಕಾಲ್ನಡಿಗೆಗೆ ಸಿದ್ಧತೆ ಹೇಗೆ?

ಕಾವೇರಿಯ ಜಲಪಾತಗಳನ್ನೂ ಹೊಳೆಗೆ ಅಡ್ಡಲಾಗಿ ಹಾಕಿದ ಹಳೆಯ ಕಟ್ಟೆಗಳನ್ನೂ ನೋಡಲು ಹಲವು ವರ್ಷಗಳಿಂದ ಹೋಗಿಬರುತ್ತಿರುವ ನನಗೆ ಪ್ರತಿ ಸಲವೂ ಒಂದೇ ತಪ್ಪು ಕಣ್ಣಿಗೆ ಬೀಳುತ್ತದೆ. ಶಿವನಸಮುದ್ರದ ಭರಚುಕ್ಕಿ ಜಲಪಾತದ ಎದುರು ಮಕ್ಕಳ ಕೈ ಬಿಗಿಯಾಗಿ ಹಿಡಿದು ನಿಲ್ಲುವ ಜನರೇ ಬಲಮುರಿಯಂಥ ತಗ್ಗು ಕಟ್ಟೆಗೆ ಬಂದಾಗ ಆ ಕೈ ಬಿಟ್ಟುಬಿಡುತ್ತಾರೆ. ಎತ್ತರದಿಂದ ಬೀಳುವ ನೀರು ತಾನಾಗಿಯೇ ಭಯ ಹುಟ್ಟಿಸುತ್ತದೆ. ಆಳೆತ್ತರದ ಕಟ್ಟೆಯ ಮೇಲೆ ಹಾಸಿದಂತೆ ಹರಿಯುವ ನೀರು ಹಾಗೆ ಹೆದರಿಸುವುದಿಲ್ಲ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಕಟ್ಟೆಯ ಬಳಿ ನಿಲ್ಲುವ ಕ್ರಮಕ್ಕೇ ಮೀಸಲು.

ಮೊದಲು ಕಾಲವನ್ನು ಆರಿಸಿಕೊಳ್ಳಿ. ಜಲಪಾತಕ್ಕೆ ಜುಲೈನಿಂದ ಸೆಪ್ಟೆಂಬರ್, ಕಟ್ಟೆಗಳಿಗೆ ನವೆಂಬರ್‌ನಿಂದ ಜನವರಿ. ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ಯೋಜನೆಯನ್ನು ಕೈಬಿಡಿ. ಜಲಪಾತ ತುಂಬಿ ಧುಮ್ಮಿಕ್ಕುವ ದಿನ ಕಟ್ಟೆ ನೀರಿನಡಿಯಲ್ಲಿ ಮುಚ್ಚಿಹೋಗಿರುತ್ತದೆ. ಅದರ ಕಲ್ಲುಗಳು ಕಾಣುವ ಹೊತ್ತಿಗೆ ಜಲಪಾತ ಸೊರಗಿರುತ್ತದೆ. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆಗೂ ನೀರು ಹೋಗಬೇಕು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಲು ಆರಂಭವಾದ ಕೇಂದ್ರ ಅದು. ಹೊಳೆ ಬಡವಾದ ತಿಂಗಳುಗಳಲ್ಲಿ ಅಲ್ಲಿನ ಗಗನಚುಕ್ಕಿ ಜಲಪಾತದ ಬಂಡೆಗಳು ಒಣಗಿ ನಿಂತಿರುವುದನ್ನು ಕಂಡು, ದೂರದಿಂದ ಬಂದವರು ಬೇಸರದಿಂದ ಹಿಂದಿರುಗುವುದುಂಟು.

ಎರಡನೆಯದು, ಹೊರಡುವ ಮುನ್ನ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟವನ್ನು ನೋಡುವುದು. ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಬಲಮುರಿ, ಎಡಮುರಿ, ಶ್ರೀರಂಗಪಟ್ಟಣಗಳಿಗೆ ಹೋಗುವವರು ಕೃಷ್ಣರಾಜಸಾಗರದ ಹೊರಹರಿವನ್ನು ನೋಡಬೇಕು. ಚುಂಚನಕಟ್ಟೆ ಆ ಜಲಾಶಯಕ್ಕಿಂತ ಮೇಲೆ ಇರುವುದರಿಂದ ಅಲ್ಲಿಗೆ ಹೊರಹರಿವಿನ ಅಂಕಿ ಉಪಯೋಗಕ್ಕೆ ಬಾರದು. ಕೊಡಗಿನ ಮಳೆಯನ್ನೂ ಹಾರಂಗಿ ಜಲಾಶಯದಿಂದ ಬಿಟ್ಟ ನೀರನ್ನೂ ವಿಚಾರಿಸಿಕೊಳ್ಳಿ. ತಲಕಾಡಿನ ಬಳಿಯ ಮಾಧವಮಂತ್ರಿ ಕಟ್ಟೆಗೂ ಶಿವನಸಮುದ್ರಕ್ಕೂ ಹೋಗುವುದಾದರೆ ಕೃಷ್ಣರಾಜಸಾಗರದ ಜೊತೆ ಕಬಿನಿಯ ಹೊರಹರಿವನ್ನೂ ಕೂಡಿಸಿಕೊಳ್ಳಬೇಕು, ಏಕೆಂದರೆ ಕಬಿನಿ ತಿರುಮಕೂಡಲು ನರಸೀಪುರದಲ್ಲೇ ಕಾವೇರಿಯನ್ನು ಸೇರಿರುತ್ತದೆ. ಬಿಟ್ಟ ನೀರು ಕೂಡಲೇ ಅಷ್ಟು ದೂರ ತಲುಪುವುದಿಲ್ಲವಾದ್ದರಿಂದ ಹಿಂದಿನ ದಿನದ ಅಂಕಿಯನ್ನೂ ನೋಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಹತ್ತು ಸಾವಿರ ಕ್ಯುಸೆಕ್ ಎಂದು ಓದಿದಾಗ ಸೆಕೆಂಡಿಗೆ 2.8 ಲಕ್ಷ ಲೀಟರ್ ನೀರು ನಿಮ್ಮ ಮುಂದೆ ಹಾದುಹೋಗುತ್ತದೆಂದು ಲೆಕ್ಕ ಹಾಕಿ.

ನೀರು, ಬುತ್ತಿ, ಟೋಪಿ, ಬಿದಿರಿನ ಗಟ್ಟಿ ಕೋಲು, ಹತ್ತು ಮಾರು ಹಗ್ಗ ಇಷ್ಟಿದ್ದರೆ ಸಾಕು. ಮಡಚುವ ಅಲ್ಯೂಮಿನಿಯಂ ಕೋಲು ಬೇಡ. ಅದರ ಕೀಲು ಭಾರ ಬಿದ್ದಾಗಲೇ ಜಾರುತ್ತದೆ. ಮೊಬೈಲಿಗೆ ನೀರು ತಾಗದಂತೆ ಕೊರಳಿಗೆ ನೇತುಹಾಕಿಕೊಳ್ಳುವ ಅಗ್ಗದ ಪ್ಲಾಸ್ಟಿಕ್ ಚೀಲವನ್ನು ಖಂಡಿತ ಕೊಳ್ಳಬೇಡಿ. ಅದರ ಅಂಚು ಬಿಟ್ಟುಕೊಳ್ಳುವುದು ಒಂದು ದೋಷ. ಅದು ಕೊರಳಲ್ಲಿದ್ದರೆ ನೀರಿಗೆ ಇಳಿಯುವ ಧೈರ್ಯ ಬರುವುದು ಅದಕ್ಕಿಂತ ದೊಡ್ಡ ದೋಷ.

ನಡಿಗೆಗೆ ನಾಲೆಯ ಏರಿಯೇ ಒಳ್ಳೆಯ ದಾರಿ. ಬಲಮುರಿ ಕಟ್ಟೆಯಿಂದ ಹೊರಡುವ ವಿರಿಜಾ ನಾಲೆ, ಚಿಕ್ಕದೇವರಾಜ ಒಡೆಯರ ಹೆಸರನ್ನು ಇಂದಿಗೂ ಹೊತ್ತಿರುವ ಚಿಕ್ಕದೇವರಾಯಸಾಗರ ನಾಲೆ, ಕಂಠೀರವ ನರಸರಾಜ ಒಡೆಯರ (1638–1659) ಕಾಲದ್ದೆನ್ನುವ ಬಂಗಾರದೊಡ್ಡಿ ನಾಲೆ, ಇವೆಲ್ಲ ಹೊಳೆಗೆ ಅಡ್ಡಲಾಗಿ ಹಾಕಿದ ಕಟ್ಟೆಗಳಿಂದಲೇ ನೀರು ಪಡೆಯುತ್ತವೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವ ಕಾಲವಾದರೆ, ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಎದುರು ಸಿಕ್ಕರೆ ಮಾತನಾಡಿಸಿ. ಯಾವ ತೂಬು ಎಂದು ತೆರೆಯುತ್ತದೆ, ಏರಿ ಎಲ್ಲಿ ಕುಸಿದಿದೆ ಎಂಬುದು ಅವರಿಗೆ ಗೊತ್ತಿರುವಂತೆ ಬೇರೆಯವರಿಗೆ ಗೊತ್ತಿರುವುದಿಲ್ಲ. ಗದ್ದೆಯ ಬದುವಿನ ಮೇಲೆ ಅಡ್ಡದಾರಿ ಹಿಡಿಯಬೇಡಿ. ನಾಟಿಯಾದ ಹೊಸತರಲ್ಲಿ ಬದು ಹಸಿಯಾಗಿರುತ್ತದೆ, ನೀವು ತುಳಿದ ಕಡೆ ಒಡೆದು ರೈತರ ಮಡಿಯ ನೀರು ಹರಿದುಹೋಗುತ್ತದೆ. ಮೊಬೈಲಿನ ನಕ್ಷೆ ಕಟ್ಟೆಯನ್ನೇ ಆಚೆ ದಡದ ದಾರಿಯೆಂದು ತೋರಿಸಿದರೂ ನಂಬಬೇಡಿ.

ಇನ್ನು ಕಟ್ಟೆಯ ಬಳಿ. ತಲುಪಿದ ಕೂಡಲೇ ಮಾಡಬೇಕಾದ ಕೆಲಸವೆಂದರೆ ನೀರಿನ ಅಂಚಿನಲ್ಲಿ ಒಂದು ಗುರುತು ಇಡುವುದು. ಮುಷ್ಟಿ ಗಾತ್ರದ ಕಲ್ಲನ್ನು ನೀರು ಸೋಕುವಷ್ಟರಲ್ಲಿ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡಿ. ಕಲ್ಲಿನ ಬುಡ ಮುಳುಗಿದ್ದರೆ, ತಿಳಿಯಾಗಿದ್ದ ನೀರು ಮಣ್ಣಿನ ಬಣ್ಣಕ್ಕೆ ತಿರುಗಿದರೆ, ಕಡ್ಡಿಕಸ ತೇಲಿಬರತೊಡಗಿದರೆ ಮರುಮಾತಿಲ್ಲದೆ ದಡದ ಮೇಲಕ್ಕೆ ಹೋಗಬೇಕು. ಇಲ್ಲಿ ಬಿಸಿಲಿದ್ದರೂ ಮೇಲೆ ಎಲ್ಲೋ ಮಳೆಯಾಗಿರುತ್ತದೆ, ಇಲ್ಲವೇ ಜಲಾಶಯದ ಗೇಟು ಎತ್ತಿರುತ್ತಾರೆ.

ಕಟ್ಟೆಯ ನೆತ್ತಿಯ ಮೇಲೆ ನಡೆಯಲೇಬಾರದು. ಹಳೆಯ ಕಟ್ಟೆಗಳು ಹೊಳೆಗೆ ನೇರ ಅಡ್ಡಲಾಗಿ ನಿಲ್ಲದೆ ಬಂಡೆಗಳ ಜಾಡು ಹಿಡಿದು ಓರೆಯಾಗಿ ಸಾಗುವುದುಂಟು. ನೆತ್ತಿ ಉದ್ದವಾದಷ್ಟೂ ನೀರು ಅಗಲಕ್ಕೆ ಹರಡಿ ತೆಳುವಾಗಿ ದಾಟುತ್ತದೆ. ಪ್ರವಾಹದ ಹೊಡೆತ ಕಡಿಮೆ ಮಾಡುವ ಈ ಜಾಣ್ಮೆಯೇ ನೋಡುವವರ ಕಣ್ಣಿಗೆ ಮೋಸ ಮಾಡುತ್ತದೆ. ಪಾದ ಮುಳುಗುವಷ್ಟೇ ನೀರು, ದಾಟಿಬಿಡೋಣ ಎನ್ನಿಸುತ್ತದೆ. ಆದರೆ ಸದಾ ತೆಳ್ಳಗೆ ನೀರು ಹರಿಯುವ ಕಲ್ಲಿನ ಮೇಲೆ ಕೂದಲಿನಷ್ಟು ನಯವಾದ ಹಸಿರು ಪಾಚಿ ಬೆಳೆಯುತ್ತದೆ. ಕೋಲಿನ ತುದಿಯಿಂದ ಒಮ್ಮೆ ಕೆರೆದು ನೋಡಿ, ಬೆಣ್ಣೆ ಬಳಿದಂತೆ ಎದ್ದು ಬರುತ್ತದೆ. ಅದರ ಮೇಲೆ ಯಾವ ಶೂ ನಿಲ್ಲುತ್ತದೆಂದು ಹಲವರು ಕೇಳುತ್ತಾರೆ. ನಂಬಿ ಕಾಲಿಡಬಹುದಾದ ಶೂ ಯಾವುದನ್ನೂ ನಾನು ಕಂಡಿಲ್ಲ.

ಅದಕ್ಕಿಂತಲೂ ಅಪಾಯ ಇರುವುದು ಕಟ್ಟೆಯ ಬುಡದಲ್ಲಿ. ಒಮ್ಮೆ ಕಟ್ಟೆಯೊಂದರ ದಡದಲ್ಲಿ ಕುಳಿತಿದ್ದಾಗ, ಮೇಲೆ ಯಾರೋ ಪೂಜೆ ಮಾಡಿ ಬಿಟ್ಟ ತೆಂಗಿನಕಾಯಿಯೊಂದು ನೆತ್ತಿಯಿಂದ ಉರುಳಿ ಬುಡಕ್ಕೆ ಬಿತ್ತು. ಅದು ಮುಂದೆ ತೇಲಿಹೋಗಲಿಲ್ಲ. ಮುಳುಗಿತು, ಎರಡು ಮಾರು ಆಚೆ ಎದ್ದಿತು, ಮತ್ತೆ ಹಿಮ್ಮುಖವಾಗಿ ಕಟ್ಟೆಯ ಕಡೆಗೇ ಬಂದು ಬೀಳುವ ನೀರಿನಡಿ ಸಿಕ್ಕಿ ಮುಳುಗಿತು. ನಾನು ಬುತ್ತಿ ಬಿಚ್ಚಿ ಊಟ ಮುಗಿಸಿ ಏಳುವವರೆಗೂ ಅದು ಅಲ್ಲೇ ಸುತ್ತುತ್ತಿತ್ತು. ನೆತ್ತಿಯಿಂದ ಇಳಿದ ನೀರು ತಳಕ್ಕೆ ಧುಮುಕಿ ಸ್ವಲ್ಪ ದೂರದಲ್ಲಿ ಮೇಲೇಳುತ್ತದೆ. ಹಾಗೆ ಎದ್ದ ನೀರಿನ ಒಂದು ಪಾಲು ಮೇಲ್ಮೈಯಲ್ಲಿ ಕಟ್ಟೆಯ ಕಡೆಗೆ ಮರಳುತ್ತದೆ. ಈ ಮಗುಚುವ ಸುಳಿಗೆ ಸಿಕ್ಕಿದ ಮನುಷ್ಯನೂ ಆ ಕಾಯಿಯಂತೆಯೇ ತಿರುಗುತ್ತಾನೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ದೇಹವನ್ನು ತೇಲಿಸುವ ಶಕ್ತಿಯೂ ಆ ನೀರಿಗೆ ಕಡಿಮೆ. ಕೆರೆಯಲ್ಲಿ, ಬಾವಿಯಲ್ಲಿ ಈಜು ಕಲಿತವರ ಕೈಕಾಲು ಅಲ್ಲಿ ಸೋಲುತ್ತವೆ. ಗುರುತು ಹೀಗೆ: ಬುಡದ ನೊರೆ ಕೆಳಕ್ಕೆ ಹರಿಯದೆ ಕಟ್ಟೆಯತ್ತ ಸರಿಯುತ್ತಿದ್ದರೆ, ಕಸ, ಚಪ್ಪಲಿ, ಬಾಟಲಿಗಳು ಒಂದೇ ಸಾಲಿನಲ್ಲಿ ಕುಣಿಯುತ್ತಿದ್ದರೆ, ಅಲ್ಲಿ ಸುಳಿಯಿದೆ. ಎಚ್ಚರಿಕೆಯ ಫಲಕವಿರಲಿ, ಇಲ್ಲದಿರಲಿ, ಸ್ನಾನಕ್ಕಾಗಲಿ ಫೋಟೊಕ್ಕಾಗಲಿ ಕಟ್ಟೆಯ ಬುಡಕ್ಕೆ ಇಳಿಯಬೇಡಿ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ನೀರಿನ ಹಾಸು, ಕಲ್ಲಿನ ಜೋಡಣೆ, ಕಟ್ಟೆಯ ತಿರುವು ಎಲ್ಲವೂ ಚೆನ್ನಾಗಿ ಕಾಣುತ್ತವೆ.

ಜಲಪಾತದ ಬಳಿ ಹೇಳಬೇಕಾದದ್ದು ಕಡಿಮೆ. ಗಗನಚುಕ್ಕಿಯನ್ನು ಎದುರು ದಡದ ವೀಕ್ಷಣಾ ಸ್ಥಳದಿಂದ ನೋಡಿ. ಭರಚುಕ್ಕಿಯಲ್ಲಿ ಮೆಟ್ಟಿಲುಗಳಿವೆ, ಒದ್ದೆಯಿರುವ ದಿನ ಇಳಿಯಬೇಡಿ. ಚುಂಚನಕಟ್ಟೆಯಲ್ಲಿ ಮೊದಲು ಕೋದಂಡರಾಮ ದೇವಾಲಯದೊಳಗೆ ಹೋಗಿ ನಿಲ್ಲಿ. ಗರ್ಭಗುಡಿಯ ಬಳಿ ಜಲಪಾತದ ಸದ್ದು ಕೇಳುವುದಿಲ್ಲವೆಂದು ಊರಿನವರು ಹೇಳುತ್ತಾರೆ. ಹೊರಗೆ ಬಂದು ಆ ಭೋರ್ಗರೆತಕ್ಕೆ ಕಿವಿ ಕೊಟ್ಟ ಮೇಲೆ ಆ ಮಾತಿನ ಅರ್ಥ ತಿಳಿಯುತ್ತದೆ.

ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರಬೇಡಿ. ಒಬ್ಬರನ್ನು ಉಳಿಸಲು ಇಳಿದ ಮನೆಮಂದಿ ಒಬ್ಬರ ಹಿಂದೆ ಒಬ್ಬರು ಮುಳುಗಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ದಡದ ಮರಕ್ಕೆ ಹಗ್ಗದ ಒಂದು ತುದಿ ಕಟ್ಟಿ ಇನ್ನೊಂದನ್ನು ಎಸೆಯಿರಿ. ಹಗ್ಗವಿಲ್ಲದಿದ್ದರೆ ಸೀರೆ, ಪಂಚೆಗಳನ್ನು ಗಂಟು ಹಾಕಿ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೂ ಎಸೆಯಬಹುದು. ಅದೇ ಹೊತ್ತಿಗೆ ಇನ್ನೊಬ್ಬರು 112ಕ್ಕೆ ಕರೆ ಮಾಡಲಿ, ಮತ್ತೊಬ್ಬರು ಹತ್ತಿರದಲ್ಲಿ ತೆಪ್ಪವಿಟ್ಟುಕೊಂಡಿರುವ ಮೀನುಗಾರರನ್ನು ಕೂಗಿ ಕರೆಯಲಿ.