ಕಾಫಿ ತೋಟದ ಜಿಂಕ್, ಅಡುಗೆಮನೆ ಗಡಿಯಾರದ ಸೆಲ್

ಕಾಫಿ ಗಿಡಕ್ಕೆ ಸಿಂಪಡಿಸಲು ತಂದ ಜಿಂಕ್ ಸಲ್ಫೇಟ್ ನಮ್ಮ ಸ್ಟೋರಿನಲ್ಲಿ ಯಾವಾಗಲೂ ಇರುತ್ತದೆ. ಹೋದ ವರ್ಷ ಕಕ್ಕಡದ ಮಳೆಗೆ ಕೊಡಗಿನ ನಾಪೋಕ್ಲು ಕಡೆ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಪಿಯುಸಿ ಓದುವ ಮಗಳು, "ಅಪ್ಪ, ಟಾರ್ಚ್ ಸೆಲ್ಲನ್ನು ಯಾಕೆ ಮತ್ತೆ ಚಾರ್ಜ್ ಮಾಡೋಕೆ ಆಗಲ್ಲ?" ಅಂದಳು. ಅಲ್ಲಿಂದ ಶುರುವಾಯಿತು.

ಟಾರ್ಚ್ ಸೆಲ್ಲಿನಲ್ಲಿ ಇರುವುದು ಸತು (ಜಿಂಕ್) ಮತ್ತು ಮ್ಯಾಂಗನೀಸ್ ಡೈಆಕ್ಸೈಡ್. ಅವೆರಡರ ನಡುವೆ ಜಿಂಕ್ ಸಲ್ಫೇಟ್ ನೀರು ಹಾಕಿದರೆ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಜಿಂಕ್-ಅಯಾನ್ ಬ್ಯಾಟರಿ. ಹೊಸ ಸಾದಾ ಸೆಲ್ ಒಡೆದು ಕಪ್ಪು ಪುಡಿಯನ್ನು ನಾಲ್ಕೈದು ಸಲ ತೊಳೆದೆ. (ಆಲ್ಕಲೈನ್ ಸೆಲ್ ಒಡೆಯಬೇಡಿ, ಒಳಗಿನ ಕ್ಷಾರ ಚರ್ಮ ಸುಡುತ್ತದೆ.) ಪುಡಿಯನ್ನು ಕಾರ್ಬನ್ ಕಡ್ಡಿಯ ಸುತ್ತ ಒತ್ತಿ, ಕಾಫಿ ಸೋಸುವ ಫಿಲ್ಟರ್ ಪೇಪರ್ ಸುತ್ತಿದೆ. ಸತುವಿನ ಡಬ್ಬಿಯನ್ನು ಕತ್ತರಿಸಿ ಉಜ್ಜಿ ಹಾಳೆ ಮಾಡಿಕೊಂಡೆ. 100 ಮಿಲಿ ದ್ರಾವಣಕ್ಕೆ 57 ಗ್ರಾಂ ಜಿಂಕ್ ಸಲ್ಫೇಟ್. ಇದು ಚೀಲದ ಮೇಲೆ ಜಿಂಕ್ 21% ಅಂತ ಇರುವುದರ ಲೆಕ್ಕ, 33%ರದ್ದಾದರೆ ಕಡಿಮೆ ಸಾಕು.

ಮೊದಲ ಸೆಲ್ ಒಂಬತ್ತನೇ ಚಾರ್ಜಿಗೆ ಸತ್ತಿತು. ಬಿಚ್ಚಿ ನೋಡಿದರೆ ಸತುವಿನ ಮೇಲೆ ಮಳೆಗಾಲದ ಮರದ ಪಾಚಿಯ ಹಾಗೆ ಬೂದು ಬೆಳವಣಿಗೆ. ಅದು ಪೇಪರ್ ತೂರಿ ಆಚೆ ಬದಿ ಮುಟ್ಟಿ ಶಾರ್ಟ್ ಆಗಿತ್ತು. ಅವಸರದಲ್ಲಿ ಜಾಸ್ತಿ ಕರೆಂಟ್ ಕೊಟ್ಟರೆ ಕರಗಿದ ಸತು ಸಮನಾಗಿ ಕೂರುವುದಿಲ್ಲ, ಮೊನೆ ಇದ್ದ ಕಡೆಯೇ ಮತ್ತೆ ಬೆಳೆಯುತ್ತದೆ. ಜೊತೆಗೆ ಸತುವಿನ ಮೇಲೆ ಗುಳ್ಳೆ ಬೇರೆ. ಗೊಬ್ಬರದ ಜಿಂಕಿನಲ್ಲಿರುವ ಕೆಲವು ಬೇರೆ ಲೋಹಗಳು ಸತುವಿಗೆ ಅಂಟಿಕೊಂಡರೆ ಅಲ್ಲಿ ಹೈಡ್ರೋಜನ್ ಸುಲಭವಾಗಿ ಹುಟ್ಟುತ್ತದೆ. ಅದಕ್ಕೇ ಮುಚ್ಚಳ ಬಿಗಿಯಬಾರದು. ಆಮೇಲಿನಿಂದ ದ್ರಾವಣದಲ್ಲಿ ಒಂದು ಸತುವಿನ ಚೂರು ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸೋಸುತ್ತೇನೆ. ತಾಮ್ರ, ಸೀಸದಂಥವು ಆ ಚೂರಿಗೇ ಹಿಡಿಯುತ್ತವೆ. ಗುಳ್ಳೆ ಎದ್ದು ಕಾಣುವಷ್ಟು ಕಡಿಮೆಯಾಯಿತು.

ಎರಡನೆಯದು ಶಾರ್ಟ್ ಆಗಲಿಲ್ಲ, ಆದರೆ ಪ್ರತಿ ಸುತ್ತಿಗೂ ಸೊರಗಿತು. ಸೆಲ್ ಖಾಲಿಯಾಗುತ್ತಾ ಹೋಗುವಾಗ ಮ್ಯಾಂಗನೀಸ್ ಸ್ವಲ್ಪ ಸ್ವಲ್ಪವೇ ನೀರಿಗೆ ಇಳಿದುಹೋಗುತ್ತದೆ. 2016ರಲ್ಲಿ ನೇಚರ್ ಎನರ್ಜಿ ಪತ್ರಿಕೆಯಲ್ಲಿ ಇದಕ್ಕೊಂದು ದಾರಿ ಪ್ರಕಟವಾಗಿತ್ತು: ನೀರಿಗೆ ಮೊದಲೇ ಮ್ಯಾಂಗನೀಸ್ ಸಲ್ಫೇಟ್ ಬೆರೆಸುವುದು. ಅವರ ಸೆಲ್ 5000 ಸುತ್ತಿನ ನಂತರವೂ 92% ಶಕ್ತಿ ಉಳಿಸಿಕೊಂಡಿತ್ತು. ನಾನು 100 ಮಿಲಿಗೆ 1.7 ಗ್ರಾಂ ಹಾಕಿದೆ. ಇಡೀ ಪ್ರಯೋಗದಲ್ಲಿ ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ದೊಡ್ಡ ಫಲ ಬೇರೆಲ್ಲೂ ಸಿಗಲಿಲ್ಲ.

ಖಾಲಿಯಾದ ಸೆಲ್ಲಿನ ಕಪ್ಪು ಬದಿಯಲ್ಲಿ ಬಿಳಿ ಹುಡಿ ಕಂಡು ಮಗಳು ಹಾಳಾಯಿತು ಅಂದುಕೊಂಡಳು. ಹಾಳಾಗಿರಲಿಲ್ಲ. ಹೆಸರು ಜಿಂಕ್-ಅಯಾನ್ ಆದರೂ ಮ್ಯಾಂಗನೀಸಿನ ಒಳಗೆ ಸತುವಿನ ಅಯಾನ್ ಜೊತೆ ನೀರಿನ ಪ್ರೋಟಾನ್ (ಹೈಡ್ರೋಜನ್ ಅಯಾನ್) ಕೂಡ ಹೋಗುತ್ತದೆ. ನೀರಿನ ಉಳಿದ ಭಾಗವಾದ ಹೈಡ್ರಾಕ್ಸೈಡ್ ಹೊರಗಿನ ಜಿಂಕ್ ಸಲ್ಫೇಟ್ ಜೊತೆ ಸೇರಿ ಆ ಬಿಳಿ ಹುಡಿ ಆಗುತ್ತದೆ. ಚಾರ್ಜ್ ಮಾಡಿದರೆ ಕರಗುತ್ತದೆ. ನಾವಿಬ್ಬರೂ ಕೂತು ಕಣ್ಣಾರೆ ನೋಡಿದೆವು.

ಈಗ ಹಳೆ ಮೊಬೈಲ್ ಚಾರ್ಜರಿಗೆ ರೆಗ್ಯುಲೇಟರ್ ಹಾಕಿ 1.8 ವೋಲ್ಟಿಗೆ ನಿಲ್ಲಿಸಿದ್ದೇನೆ, ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಆಗಲಿ ಅಂತ. ಒಂದು ಸಲ ತುಂಬಿದರೆ ಅಡುಗೆಮನೆ ಗಡಿಯಾರ ಎಂಟು ದಿನ ಓಡುತ್ತದೆ. ಮೊನ್ನೆ ಭಾನುವಾರ ಸೆಲ್ ಇಳಿಸಿ ನೋಡಿದೆವು. ಸತು ಮಸುಕಾಗಿದೆ, ಬೆರಳಾಡಿಸಿದರೆ ಇನ್ನೂ ನುಣುಪು.